ಲ್ಯಾಂಪ್ ಬೆಳಕು ಕುಗ್ಗಿದೆ, ನಾಯ್ಸ್ ಐದು ಪಟ್ಟಾಗಿದೆ: ಎರಡಕ್ಕೂ ಕಾರಣ ಒಂದೇನಾ?

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಅಬ್ಸಾರ್ಬೆನ್ಸ್ ಆಪ್ಟಿಕ್ಸ್ ಇರುವ ಆಪ್ಟಿಮಾ ಎಕ್ಸ್‌ಎಲ್-ಎ ಅನಲಿಟಿಕಲ್ ಅಲ್ಟ್ರಾಸೆಂಟ್ರಿಫ್ಯೂಜ್ (ದ್ರಾವಣವನ್ನು ಅತಿ ವೇಗದಲ್ಲಿ ತಿರುಗಿಸುತ್ತಲೇ ಅದರ ಮೂಲಕ ಬೆಳಕು ಹಾಯಿಸಿ ಅಳೆಯುವ ಯಂತ್ರ) ಇದೆ. ಆನ್-60 ಟಿಐ ರೋಟರ್‌ನಲ್ಲಿ ಮೂರು ಸೆಲ್ (ಸ್ಯಾಂಪಲ್ ತುಂಬುವ, ಗಾಜಿನ ವಿಂಡೋ ಇರುವ ಡಬ್ಬಿ) ಮತ್ತು ತೂಕ ಸರಿದೂಗಿಸುವ ಕೌಂಟರ್‌ಬ್ಯಾಲೆನ್ಸ್ ಹಾಕಿ ಓಡಿಸುತ್ತೇವೆ. 280 ನ್ಯಾನೋಮೀಟರ್‌ನಲ್ಲಿ 0.6 ಒಡಿ (ಬೆಳಕಿನ ಹೀರಿಕೆಯ ಅಳತೆ) ಬರುವ ಪ್ರೋಟೀನ್, ಬಫರ್‌ನಲ್ಲಿ 1 ಮಿಲಿಮೋಲಾರ್ ಡಿಟಿಟಿ (ಪ್ರೋಟೀನ್ ಆಕ್ಸಿಡೈಸ್ ಆಗದಂತೆ ತಡೆಯುವ ರಾಸಾಯನಿಕ). ಹೋದ ವರ್ಷ ಇದೇ ಸ್ಯಾಂಪಲ್‌ಗೆ ನಾಯ್ಸ್ (ಅಳತೆಯಲ್ಲಿನ ಯಾದೃಚ್ಛಿಕ ಏರಿಳಿತ) 0.004 ಒಡಿ ಇತ್ತು. ಈಗ 3,000 ಆರ್‌ಪಿಎಂನಲ್ಲಿ 0.007, 42,000ಕ್ಕೆ ಏರಿಸಿದರೆ ಮೂರೂ ಸೆಲ್‌ಗಳಲ್ಲಿ 0.02ರ ಆಸುಪಾಸು. 3ನೇ ಸೆಲ್‌ನಲ್ಲಿ ಇದರ ಜೊತೆಗೆ ರೋಟರ್ ಅಕ್ಷದಿಂದ 6.4 ಸೆಂಟಿಮೀಟರ್ ಹತ್ತಿರ ಪ್ರತಿ ಸ್ಕ್ಯಾನ್‌ನಲ್ಲೂ ಒಂದು ಮುಳ್ಳು ಏಳುತ್ತದೆ. ಖಾಲಿ ರಂಧ್ರದಲ್ಲಿ ಇಂಟೆನ್ಸಿಟಿ ಸ್ಕ್ಯಾನ್ ತೆಗೆದು ಹಳೆಯದರ ಜೊತೆ ಹೋಲಿಸಿದೆವು. 230ರಲ್ಲಿ ಬೆಳಕು ಐದನೇ ಒಂದು ಭಾಗಕ್ಕೆ, 280ರಲ್ಲಿ ಮೂರನೇ ಒಂದು ಭಾಗಕ್ಕೆ ಇಳಿದಿದೆ, 530ರಲ್ಲಿ ಹೆಚ್ಚುಕಡಿಮೆ ಹಾಗೇ ಇದೆ. ಸರ್ವಿಸ್‌ಗೆ ಬಂದವರು ಲ್ಯಾಂಪ್ ಬದಲಿಸಿ ಎನ್ನುತ್ತಾರೆ. ಬದಲಿಸೋಣವೇ?

ಉತ್ತರ: ಈಗಲೇ ಬೇಡ. ನೀವು ಕೊಟ್ಟ ಅಂಕಿಗಳಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಅವನ್ನು ಒಮ್ಮೆ ಲೆಕ್ಕಕ್ಕೆ ಹಚ್ಚಿ ನೋಡೋಣ.

ಬೆಳಕು ಕಡಿಮೆಯಾದರೆ ನಾಯ್ಸ್ ಏರುವುದು ನಿಜ, ಆದರೆ ಅದಕ್ಕೊಂದು ಮಿತಿಯಿದೆ. ಬೆಳಕನ್ನು ಅಳೆಯುವ ಫೋಟೋಮಲ್ಟಿಪ್ಲೈಯರ್‌ಗೆ ಬಂದು ಬೀಳುವ ಫೋಟಾನ್‌ಗಳ ಎಣಿಕೆಯಲ್ಲಿ ಸಹಜವಾಗಿ ಇರುವ ಏರಿಳಿತ, ಆ ಎಣಿಕೆಯ ವರ್ಗಮೂಲದಷ್ಟು. ಬೆಳಕು ಮೂರನೇ ಒಂದಕ್ಕೆ ಇಳಿದರೆ ಸಾಪೇಕ್ಷ ಏರಿಳಿತ ಮೂರರ ವರ್ಗಮೂಲದಷ್ಟು, ಅಂದರೆ 1.7 ಪಟ್ಟು ಹೆಚ್ಚುತ್ತದೆ. 0.004ನ್ನು 1.7ರಿಂದ ಗುಣಿಸಿದರೆ 0.007. ನೀವು 3,000 ಆರ್‌ಪಿಎಂನಲ್ಲಿ ಕಂಡ ಅಂಕಿ ಇದೇ. ಹಾಗಾಗಿ 0.004ರಿಂದ 0.007ರವರೆಗಿನ ಏರಿಕೆಗೆ ಬೆಳಕಿನ ಕೊರತೆ ಸಾಕು. ಅಲ್ಲಿಂದ 0.02ಕ್ಕೆ ಹಾರಿದ್ದಕ್ಕೆ ಅದು ಕಾರಣವಲ್ಲ. ಲ್ಯಾಂಪ್ ಮೇಲಿನ ಕೊಳೆಗೆ ರೋಟರ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ವೇಗದ ಜೊತೆ ಏರುವ ನಾಯ್ಸ್‌ಗೆ ಮೂಲ ಬೇರೆಯೇ ಇರಬೇಕು. ಆ ಮುಳ್ಳು ಮೂರನೆಯ ಸಂಗತಿ. ಮೂರನ್ನೂ ಒಂದೇ ಕಾಯಿಲೆ ಎಂದುಕೊಂಡು ಹೊಸ ಲ್ಯಾಂಪ್ ಹಾಕಿದರೆ 3,000ದಲ್ಲಿ ಚೆನ್ನಾಗಿ ಕಾಣುತ್ತದೆ, 42,000ದಲ್ಲಿ ಮತ್ತೆ ಅದೇ ಗೋಳು.

ಮೊದಲು ಲ್ಯಾಂಪ್. ಝೆನಾನ್ ಫ್ಲಾಶ್ ಲ್ಯಾಂಪ್ ಮುದಿಯಾದರೆ ಸಾಮಾನ್ಯವಾಗಿ ದೃಗ್ಗೋಚರ ಭಾಗದಲ್ಲೂ ಬೆಳಕು ಇಳಿಯುತ್ತದೆ, ಫ್ಲಾಶ್ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ. ನಿಮ್ಮಲ್ಲಿ 530 ಹಾಗೇ ಇದೆ. ತರಂಗಾಂತರ ಕಿರಿದಾದಷ್ಟೂ ಪೆಟ್ಟು ಹೆಚ್ಚು. ಇದು ಗಾಜಿನ ಮೇಲೆ ಕೂತ ಪದರದ ಲಕ್ಷಣ. ಈ ಯಂತ್ರದ ನಿರ್ವಾತವನ್ನು ಹಿಡಿಯುವುದು ಎಣ್ಣೆಯ ಡಿಫ್ಯೂಷನ್ ಪಂಪ್. ಎಣ್ಣೆಯ ಆವಿ ಒಂದಿಷ್ಟು ಚೇಂಬರ್‌ಗೆ ಹಿಂದಿರುಗಿ ಲ್ಯಾಂಪ್‌ನ ಮುಂಗಾಜಿನ ಮೇಲೆ ತೆಳುವಾಗಿ ಕೂರುತ್ತದೆ. ಅದರ ಮೇಲೆ ದಿನವಿಡೀ ತೀಕ್ಷ್ಣ ನೇರಳಾತೀತ ಬೆಳಕು ಹೊಡೆಯುವುದರಿಂದ ಆ ಎಣ್ಣೆ ಬೆಂದು ಗಟ್ಟಿಯಾಗುತ್ತದೆ, ಬಾಣಲೆಯ ಅಂಚಿನಲ್ಲಿ ಜಿಡ್ಡು ಕಂದಾಗಿ ಹಿಡಿದುಕೊಳ್ಳುವ ಹಾಗೆ. ಈ ಪದರ 530ನ್ನು ಬಿಡುತ್ತದೆ, 230ನ್ನು ನುಂಗುತ್ತದೆ.

ಇಲ್ಲೊಂದು ಎಚ್ಚರ. ಇಂಟೆನ್ಸಿಟಿಯ ಅಂಕಿಗೆ ನಿರ್ದಿಷ್ಟ ಮಾನವಿಲ್ಲ. ಫೋಟೋಮಲ್ಟಿಪ್ಲೈಯರ್‌ನ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ಹೋದ ವರ್ಷದ 230ರ ಅಂಕಿಯನ್ನು ಈ ವರ್ಷದ 230ರ ಜೊತೆ ನೇರವಾಗಿ ಹೋಲಿಸುವುದಕ್ಕಿಂತ, ಒಂದೇ ಸ್ಕ್ಯಾನ್‌ನ ಒಳಗೆ 230ಕ್ಕೂ 530ರ ಸುತ್ತಲಿನ ಗೆರೆಗಳಿಗೂ ಇರುವ ಅನುಪಾತವನ್ನು ಬರೆದಿಡುವುದು ಗಟ್ಟಿ ದಾಖಲೆ. ನಿಮ್ಮಲ್ಲಿ 530 ಬದಲಾಗಿಲ್ಲವಾದ್ದರಿಂದ ಈ ಸಲ ನೇರ ಹೋಲಿಕೆಯೂ ನಡೆಯುತ್ತದೆ.

ಲ್ಯಾಂಪ್ ಒರೆಸುವುದು ಅರ್ಧ ದಿನದ ಕೆಲಸ. ಯಂತ್ರ 4 ಡಿಗ್ರಿಯಲ್ಲಿ ಓಡಿದ್ದರೆ ಮೊದಲು 20 ಡಿಗ್ರಿಗೆ ತಂದು ಆಮೇಲೆ ಚೇಂಬರ್ ತೆರೆಯಿರಿ. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವವೆಲ್ಲ ಲೆನ್ಸ್ ಮೇಲೆ ಬೆವರಾಗಿ ಕೂರುತ್ತದೆ. ಮೇನ್ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಹತ್ತು ಹದಿನೈದು ನಿಮಿಷ ಕಾಯಿರಿ. ಫ್ಲಾಶ್ ಹೊಡೆಯುವ ಕೆಪ್ಯಾಸಿಟರ್‌ನಲ್ಲಿ ಅಧಿಕ ವೋಲ್ಟೇಜ್ ಉಳಿದಿರುತ್ತದೆ, ಈ ಕಾಯುವಿಕೆ ಶಾಸ್ತ್ರಕ್ಕಲ್ಲ. ಪುಡಿಯಿಲ್ಲದ ಗ್ಲೌಸ್ ಹಾಕಿಕೊಂಡು ಮೊದಲು ಮೊನೋಕ್ರೊಮೇಟರ್ (ಬೇಕಾದ ತರಂಗಾಂತರವನ್ನು ಆರಿಸುವ ಭಾಗ) ಕಳಚಿ, ಬೆಳಕಿನ ಕಿಂಡಿ ಮುಚ್ಚಿ ಪಕ್ಕಕ್ಕಿಡಿ. ಆಮೇಲೆ ಕೈಪಿಡಿಯ ಕ್ರಮದಲ್ಲಿ ಲ್ಯಾಂಪ್ ಹೊರತೆಗೆಯಿರಿ. ಯಾವ ಕಡೆ ಮೇಲಿತ್ತು ಎಂದು ಮಾರ್ಕರ್‌ನಿಂದ ಒಂದು ಗುರುತು ಹಾಕಿಕೊಂಡರೆ ಕೂರಿಸುವಾಗ ತಲೆಬಿಸಿ ಇರುವುದಿಲ್ಲ.

ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಮುಂಗಾಜನ್ನು ನೋಡಿ. ನೇರವಾಗಿ ನೋಡಿದರೆ ಸ್ವಚ್ಛವಾಗಿಯೇ ಕಾಣುವ ಗಾಜು ಓರೆ ಬೆಳಕಿನಲ್ಲಿ ಹುಲ್ಲಿನ ಬಣ್ಣದ ಇಲ್ಲವೇ ಕಂದು ಛಾಯೆಯ ಪೊರೆಯನ್ನು ತೋರಿಸುತ್ತದೆ. ನಡುವೆ, ಬೆಳಕು ಹೊರಬರುವ ಜಾಗದಲ್ಲಿ, ಅದು ಹೆಚ್ಚು ದಪ್ಪವಾಗಿರಬಹುದು. ಸ್ಪೆಕ್ಟ್ರೋಸ್ಕೋಪಿ ದರ್ಜೆಯ ಎಥನಾಲ್ ಅಥವಾ ಮೆಥನಾಲ್‌ನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಒಂದು ಕಡ್ಡಿಗೆ ಒಂದೇ ಎಳೆತ, ಆಮೇಲೆ ಅದನ್ನು ಎಸೆಯಿರಿ. ಅದೇ ಕಡ್ಡಿಯಲ್ಲಿ ಗುಂಡಗೆ ತಿಕ್ಕಿದರೆ ಕೊಳೆ ಹೋಗುವ ಬದಲು ಹರಡುತ್ತದೆ. ಐದಾರು ಕಡ್ಡಿಗೂ ಬಿಡದಿದ್ದರೆ ಸೆಲ್ ತೊಳೆಯುವ ಡಿಟರ್ಜೆಂಟನ್ನು ಶೇಕಡಾ 1ಕ್ಕೆ ತೆಳು ಮಾಡಿ ಅದರಿಂದ ಒರೆಸಿ, ಬಟ್ಟಿ ಇಳಿಸಿದ ನೀರಿನ ಕಡ್ಡಿಯಿಂದ ಎರಡು ಸಲ, ಕೊನೆಗೆ ಮತ್ತೆ ಆಲ್ಕೊಹಾಲ್. ಅಸಿಟೋನ್ ಬೇಡ, ಅಂಟು ಮತ್ತು ಸೀಲ್‌ಗಳಿಗೆ ಅದು ಕೆಟ್ಟದ್ದು. ಅಲ್ಯೂಮಿನಾ ಪುಡಿ ಹಾಕಿ ಪಾಲಿಶ್ ಮಾಡುವವರೂ ಇದ್ದಾರೆ. ಗೀರು ಬಿದ್ದರೆ ಆ ಲ್ಯಾಂಪ್ ಕೆಲಸ ಮುಗಿದಂತೆ. ಹೇಗಿದ್ದರೂ ಎಸೆಯಲಿರುವ ಲ್ಯಾಂಪ್ ಮೇಲೆ ಮಾತ್ರ ಆ ಸಾಹಸ ಮಾಡಿ.

ಚೇಂಬರ್ ತಳದಲ್ಲಿರುವ ಲೆನ್ಸ್ ಮೇಲೂ ಇದೇ ಎಣ್ಣೆ ಕೂರುತ್ತದೆ. ಎಂದಾದರೂ ಸೆಲ್ ಸೋರಿದ್ದರೆ ಅದರ ಉಪ್ಪೂ ಅಲ್ಲೇ ಒಣಗಿರುತ್ತದೆ. ಮೊದಲು ನೀರು ತಾಗಿಸಿದ ಲೆನ್ಸ್ ಟಿಶ್ಯೂ, ಆಮೇಲೆ ಆಲ್ಕೊಹಾಲ್. ಹಿಂದುಮುಂದಾದರೆ ಉಪ್ಪಿನ ಹರಳು ಲೆನ್ಸನ್ನು ಗೀರುತ್ತದೆ. ಮೊನೋಕ್ರೊಮೇಟರ್ ಒಳಗೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸುವ ಗ್ರೇಟಿಂಗ್ ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಅದನ್ನು ಒರೆಸಿ ಸರಿಮಾಡುವ ಉಪಾಯ ಯಾವುದೂ ಇಲ್ಲ. ಲ್ಯಾಂಪ್ ಮತ್ತು ಲೆನ್ಸನ್ನು ಒಂದೇ ದಿನ ಒರೆಸಬೇಡಿ ಎಂಬುದು ನನ್ನ ಸಲಹೆ. ಲ್ಯಾಂಪ್ ಒರೆಸಿ ಒಂದು ಸ್ಕ್ಯಾನ್ ತೆಗೆಯಿರಿ, ಲೆನ್ಸ್ ಒರೆಸಿ ಇನ್ನೊಂದು. ಯಾವುದರಿಂದ ಎಷ್ಟು ಬೆಳಕು ಮರಳಿತು ಎಂದು ಗೊತ್ತಾದರೆ ಮುಂದಿನ ಸಲ ಎಲ್ಲಿಗೆ ಕೈ ಹಾಕಬೇಕೆಂಬ ಪ್ರಶ್ನೆಯೇ ಇರುವುದಿಲ್ಲ.

ಎಲ್ಲ ಕೂರಿಸಿದ ಮೇಲೆ ನಿರ್ವಾತ 100 ಮೈಕ್ರಾನ್‌ಗಿಂತ (ಇಲ್ಲಿ ಇದು ಒತ್ತಡದ ಅಳತೆ) ಕೆಳಗಿಳಿಯಲಿ. 3,000 ಆರ್‌ಪಿಎಂನಲ್ಲಿ ಖಾಲಿ ರಂಧ್ರದ ಮೂಲಕ 200ರಿಂದ 800ರವರೆಗೆ ಇಂಟೆನ್ಸಿಟಿ ಸ್ಕ್ಯಾನ್ ತೆಗೆಯಿರಿ. 230ರ ಶಿಖರ ಮತ್ತೆ ತಲೆಯೆತ್ತಿರಬೇಕು. ಎತ್ತರದ ಜೊತೆಗೆ ಅದರ ಜಾಗವನ್ನೂ ನೋಡಿ. ಮೊನೋಕ್ರೊಮೇಟರ್ ಕಳಚಿ ಕೂರಿಸಿದಾಗ ಎರಡು ಮೂರು ನ್ಯಾನೋಮೀಟರ್ ಸರಿದಿರಬಹುದು. 280ರಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ, ಪ್ರೋಟೀನಿನ ಶಿಖರ ಅಲ್ಲಿ ಅಗಲವಾಗಿದೆ. 230ರಲ್ಲಿ ಪ್ರೋಟೀನಿನ ಹೀರಿಕೆ ಕಡಿದಾದ ಇಳಿಜಾರು. ಅಲ್ಲಿ ಇಷ್ಟು ಸರಿದರೂ ಒಡಿ ಎದ್ದು ಕಾಣುವಷ್ಟು ಬದಲಾಗುತ್ತದೆ.

ಇನ್ನು ವೇಗದ ಜೊತೆ ಏರುವ ನಾಯ್ಸ್. ಇದು ಟೈಮಿಂಗ್ ಕಥೆ. ಲ್ಯಾಂಪ್ ನಿರಂತರ ಉರಿಯುವುದಿಲ್ಲ. ರೋಟರ್ ತಳದ ಆಯಸ್ಕಾಂತ ಸೆನ್ಸರ್ ಮುಂದೆ ಹಾದಾಗ ಒಂದು ಪಲ್ಸ್ ಹುಟ್ಟುತ್ತದೆ. ಅಲ್ಲಿಂದ ಲೆಕ್ಕ ಹಾಕಿ, ಬೇಕಾದ ಸೆಕ್ಟರ್ (ಸೆಲ್ ಒಳಗೆ ಸ್ಯಾಂಪಲ್‌ಗೊಂದು, ಹೋಲಿಕೆಯ ಬಫರ್‌ಗೊಂದು ಎಂದು ಇರುವ ಕೋಣೆ) ಸರಿಯಾಗಿ ಸ್ಲಿಟ್ ಮೇಲೆ ಬಂದ ಕ್ಷಣಕ್ಕೆ ಯಂತ್ರ ಫ್ಲಾಶ್ ಹೊಡೆಯುತ್ತದೆ. ಪಲ್ಸ್‌ನಿಂದ ಫ್ಲಾಶ್‌ವರೆಗೆ ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವ ಸಮಯವನ್ನು ಸರಿದೂಗಿಸುವುದೇ ಡಿಲೇ ಕ್ಯಾಲಿಬ್ರೇಷನ್.

ಆ ಡಿಲೇಯಲ್ಲಿ 4 ಮೈಕ್ರೋಸೆಕೆಂಡ್ ತಪ್ಪಿದೆ ಎಂದಿಟ್ಟುಕೊಳ್ಳಿ. 3,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡ್, ಒಂದು ಡಿಗ್ರಿಗೆ ಸುಮಾರು 56 ಮೈಕ್ರೋಸೆಕೆಂಡ್. 4 ಮೈಕ್ರೋಸೆಕೆಂಡ್ ಅಂದರೆ 0.07 ಡಿಗ್ರಿ, ಲೆಕ್ಕಕ್ಕೇ ಇಲ್ಲ. 42,000ದಲ್ಲಿ ಒಂದು ಸುತ್ತಿಗೆ ಬರೀ 1.43 ಮಿಲಿಸೆಕೆಂಡ್, ಒಂದು ಡಿಗ್ರಿಗೆ ಹತ್ತಿರ ಹತ್ತಿರ 4 ಮೈಕ್ರೋಸೆಕೆಂಡ್. ಅದೇ ತಪ್ಪು ಈಗ ಇಡೀ ಒಂದು ಡಿಗ್ರಿ. ಎರಡು ಸೆಕ್ಟರ್‌ನ ಸೆಂಟರ್‌ಪೀಸ್‌ನಲ್ಲಿ (ಸೆಲ್‌ನ ನಡುವಿನ ತುಂಡು) ಒಂದು ಸೆಕ್ಟರ್‌ನ ಅಗಲ ಸುಮಾರು 2.5 ಡಿಗ್ರಿ, ನಡುವಿನಿಂದ ಗೋಡೆಗೆ 1.25. ಒಂದು ಡಿಗ್ರಿ ಸರಿದ ಮೇಲೆ ಗೋಡೆಗೆ ಉಳಿದದ್ದು 0.25 ಡಿಗ್ರಿ. ಫ್ಲಾಶ್‌ಗೂ ತನ್ನದೇ ಉದ್ದವಿದೆ. ಅದನ್ನು 3 ಮೈಕ್ರೋಸೆಕೆಂಡ್ ಎಂದು ಹಿಡಿದರೆ ಈ ವೇಗದಲ್ಲಿ ಅದು 0.76 ಡಿಗ್ರಿಯಷ್ಟು ಉದ್ದದ ಗೀಟು, ಅರ್ಧ ಅಂದರೆ 0.38. ಹೀಗಾಗಿ ಫ್ಲಾಶ್‌ನ ಒಂದು ತುದಿ ಸೆಂಟರ್‌ಪೀಸ್‌ನ ಕಪ್ಪು ಎಪಾನ್ ರಾಳದ ಗೋಡೆಗೆ ಬಡಿದು ಕತ್ತರಿಸಿಹೋಗುತ್ತದೆ. ಎಷ್ಟು ಕತ್ತರಿಸಿತು ಎಂಬುದು ಫ್ಲಾಶ್‌ನಿಂದ ಫ್ಲಾಶ್‌ಗೆ ಕೂದಲೆಳೆಯಷ್ಟು ಬದಲಾಗುತ್ತದೆ. ನಿಮ್ಮ 0.02 ಇಲ್ಲಿಂದ ಬರುತ್ತಿರುವ ಸಾಧ್ಯತೆ ದೊಡ್ಡದು.

ಲ್ಯಾಂಪ್‌ನ ಏರಿಳಿತವನ್ನು ಯಂತ್ರವೇ ಸರಿದೂಗಿಸುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಬೆಳಕಿನ ಶೇಕಡಾ 8ರಷ್ಟನ್ನು ರೋಟರ್ ಮುಟ್ಟುವ ಮೊದಲೇ ತಿರುಗಿಸಿ ಇನ್ನೊಂದು ಡಿಟೆಕ್ಟರ್‌ನಿಂದ ಅಳೆದು, ಪ್ರತಿ ಫ್ಲಾಶ್‌ನ ಬಲಕ್ಕೆ ತಕ್ಕಂತೆ ಭಾಗಿಸುತ್ತದೆ. ಆದರೆ ಗೋಡೆಗೆ ಬಡಿದು ಹೋಗುವ ಬೆಳಕು ಈ ಅಳತೆ ಮುಗಿದ ಮೇಲೆ ಹೋಗುವಂಥದ್ದು. ಆ ಡಿಟೆಕ್ಟರ್‌ನ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇದೆ.

ಪರೀಕ್ಷೆ ಸುಲಭ. ಎರಡೂ ಸೆಕ್ಟರ್‌ಗೆ ಬರೀ ನೀರು ತುಂಬಿದ ಒಂದು ಸೆಲ್ ಹಾಕಿ, 3,000, 20,000, 42,000 ಆರ್‌ಪಿಎಂಗಳಲ್ಲಿ 280ರಲ್ಲಿ ಹತ್ತಿಪ್ಪತ್ತು ಇಂಟೆನ್ಸಿಟಿ ಸ್ಕ್ಯಾನ್ ತೆಗೆಯಿರಿ. ಡಿಲೇ ಸರಿಯಿದ್ದರೆ ಮೂರೂ ವೇಗಗಳಲ್ಲಿ ಇಂಟೆನ್ಸಿಟಿಯೂ ನಾಯ್ಸೂ ಹೆಚ್ಚುಕಡಿಮೆ ಒಂದೇ. ತಪ್ಪಿದ್ದರೆ 20,000ದಲ್ಲಿ ಏನೂ ಗೊತ್ತಾಗುವುದಿಲ್ಲ, ಅದರಾಚೆ ಒಮ್ಮೆಲೇ ಕುಸಿತ. ಕ್ರಮೇಣ ಇಳಿಯದೆ ಹೀಗೆ ಥಟ್ಟನೆ ಬೀಳುವುದೇ ಗೋಡೆಗೆ ಬಡಿದ ಗುರುತು. ಯಂತ್ರ ಗೇನನ್ನು ಮತ್ತೆ ಹೊಂದಿಸಿಕೊಂಡು ಇಂಟೆನ್ಸಿಟಿಯ ಕುಸಿತವನ್ನು ಮುಚ್ಚಿಬಿಡಬಹುದು, ನಾಯ್ಸನ್ನು ಮುಚ್ಚಲಾರದು. ಹಾಗಾಗಿ ಎರಡನ್ನೂ ಬರೆದುಕೊಳ್ಳಿ.

ನಾಯ್ಸ್ ಅಳೆಯುವ ಬಗೆಯನ್ನೂ ಹೇಳಿಬಿಡುತ್ತೇನೆ. ಒಂದು ಸ್ಕ್ಯಾನ್‌ನ ಗೆರೆ ಎಷ್ಟು ಒರಟಾಗಿದೆ ಎಂದು ಕಣ್ಣಂದಾಜಿನಲ್ಲಿ ನೋಡಬೇಡಿ. ಬೆನ್ನಬೆನ್ನಿಗೆ ತೆಗೆದ ಎರಡು ಸ್ಕ್ಯಾನ್‌ಗಳನ್ನು ಒಂದರಿಂದೊಂದು ಕಳೆದು, ಉಳಿದದ್ದರ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದು 1.41ರಿಂದ ಭಾಗಿಸಿ. ವಿಂಡೋ ಮೇಲಿನ ಗೀರು, ಕೊಳೆಗಳಂಥ ಸ್ಥಿರ ಗುರುತುಗಳೆಲ್ಲ ಕಳೆಯುವಾಗ ಹೊರಟುಹೋಗುತ್ತವೆ, ಉಳಿಯುವುದು ನಿಜವಾದ ಯಾದೃಚ್ಛಿಕ ನಾಯ್ಸ್. ಕಳೆದ ಗೆರೆ ಸೊನ್ನೆಯ ಮೇಲೋ ಕೆಳಗೋ ಇಡಿಯಾಗಿ ತೇಲುತ್ತಿದ್ದರೆ ಅದು ಸ್ಕ್ಯಾನ್‌ನಿಂದ ಸ್ಕ್ಯಾನ್‌ಗೆ ಬೇಸ್‌ಲೈನ್ ಹಾರುವುದು, ಬೇರೆಯ ಸಂಗತಿ. ಸೆಡ್‌ಫಿಟ್, ಅಲ್ಟ್ರಾಸ್ಕ್ಯಾನ್ ಎಂಬ ವಿಶ್ಲೇಷಣೆಯ ಸಾಫ್ಟ್‌ವೇರ್‌ಗಳೆರಡೂ ಈ ಸ್ಥಿರ ಗುರುತುಗಳನ್ನೂ ಬೇಸ್‌ಲೈನ್ ಹಾರಾಟವನ್ನೂ ಲೆಕ್ಕದಲ್ಲಿ ತೆಗೆದುಹಾಕುತ್ತವೆ. ಯಾದೃಚ್ಛಿಕ ನಾಯ್ಸ್ ತೆಗೆಯಲು ಯಾವ ಸಾಫ್ಟ್‌ವೇರ್‌ನಿಂದಲೂ ಆಗದು.

ಕುಸಿತ ಕಂಡರೆ ಆ ರೋಟರ್‌ಗೇ ಡಿಲೇ ಕ್ಯಾಲಿಬ್ರೇಷನ್ ಮತ್ತೆ ಮಾಡಿ. ಎಂಟು ರಂಧ್ರದ ಆನ್-50 ಟಿಐ ಬಳಸಿ ಇದಕ್ಕೆ ಮರಳಿದಾಗ, ಸರ್ವಿಸ್ ಆದಮೇಲೆ, ಲ್ಯಾಂಪ್ ಕಳಚಿದಾಗ ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಮಾಡುವ ಮೊದಲು ರೋಟರ್ ತಲೆಕೆಳಗು ಮಾಡಿ ತಳದ ಆಯಸ್ಕಾಂತದ ಮೇಲೆ ಎಣ್ಣೆ, ಲೋಹದ ಪುಡಿ ಇದೆಯೇ ನೋಡಿ ಒರೆಸಿ. ಕ್ಯಾಲಿಬ್ರೇಷನ್ ಆದಮೇಲೂ 42,000ದಲ್ಲಿ ನಾಯ್ಸ್ ಇಳಿಯದಿದ್ದರೆ, ಫ್ಲಾಶ್ ಹೊಡೆಯುವ ಕ್ಷಣವೇ ಹಿಂದುಮುಂದಾಗುತ್ತಿದೆ ಎಂದರ್ಥ. ಆಗ ಮುದಿ ಲ್ಯಾಂಪ್, ಅದರ ಟ್ರಿಗರ್ ಸರ್ಕ್ಯೂಟ್ ಮತ್ತು ಸೆನ್ಸರ್ ಮೂರೂ ಶಂಕಿತರು. ಸರ್ವಿಸ್‌ನವರ ಮಾತಿಗೆ ಬೆಲೆ ಬರುವುದು ಆ ಹಂತದಲ್ಲಿ.

ಸೆಲ್ ಸರಿಯಾಗಿ ಕೂರದೆ ತಿರುಗಿರಬಹುದು ಎಂಬ ಅನುಮಾನ ಇಂಥಲ್ಲಿ ಸಾಮಾನ್ಯವಾಗಿ ಬರುತ್ತದೆ. ಸೆಲ್ ತಿರುಗುವುದು ತನ್ನ ಅಕ್ಷದ ಸುತ್ತ, ರೋಟರ್ ಅಕ್ಷದ ಸುತ್ತ ಅಲ್ಲ. ಒಂದು ಡಿಗ್ರಿ ತಿರುಚಿದರೆ ಸೆಕ್ಟರ್‌ನ ತುದಿ ಸರಿಯುವುದು 0.12 ಮಿಲಿಮೀಟರ್, ರೋಟರ್ ಲೆಕ್ಕದಲ್ಲಿ 0.1 ಡಿಗ್ರಿ. ಇಷ್ಟಕ್ಕೆ ಫ್ಲಾಶ್ ಗೋಡೆಗೆ ಬಡಿಯುವುದಿಲ್ಲ. ತಿರುಚಿದ ಸೆಲ್ ಕೆಡಿಸುವುದು ಬೇರೆಯದನ್ನು: ಪ್ರೋಟೀನ್ ಗೋಡೆಗೆ ತಾಗಿ ಇಳಿದು ದ್ರಾವಣದಲ್ಲಿ ಸುಳಿ ಏಳುತ್ತದೆ. ಗುರುತಿನ ಗೆರೆಗಳನ್ನು ಭೂತಗನ್ನಡಿ ಹಿಡಿದು ಹೊಂದಿಸಿ, ಆದರೆ ಈ ನಾಯ್ಸ್‌ಗೆ ಅದನ್ನು ದೂರಬೇಡಿ.

3ನೇ ಸೆಲ್‌ನ ಮುಳ್ಳು ಚಿಕ್ಕ ವಿಷಯ. ಒಂದೇ ಸೆಲ್‌ನಲ್ಲಿ, ಒಂದೇ ತ್ರಿಜ್ಯದಲ್ಲಿ ಇದ್ದರೆ ಆ ಸೆಲ್‌ನ ವಿಂಡೋ ಮೇಲೆ ಗೀರು ಅಥವಾ ಬೆರಳಚ್ಚು. ಎಲ್ಲ ಸೆಲ್‌ಗಳಲ್ಲೂ ಅದೇ ತ್ರಿಜ್ಯದಲ್ಲಿ ಎದ್ದಿದ್ದರೆ ಕೆಳಗಿನ ಲೆನ್ಸ್ ಕಡೆ ಹೋಗಬೇಕಿತ್ತು. ಸೆಲ್ ಬಿಚ್ಚಿ ವಿಂಡೋ ತೊಳೆದು, ಗೀರಿದ್ದರೆ ಬದಲಿಸಿ, ಮತ್ತೆ 120ರಿಂದ 140 ಇಂಚ್-ಪೌಂಡ್‌ಗೆ ಬಿಗಿ ಮಾಡಿ. ಟಾರ್ಕ್ ರೆಂಚ್ ಇಲ್ಲದೆ ಕೈಯಂದಾಜಿಗೆ ಬಿಗಿದರೆ ಒಂದೋ ಸೋರುತ್ತದೆ, ಇಲ್ಲ ವಿಂಡೋ ಸೀಳುತ್ತದೆ.

ನೀವು ಕೇಳದೇ ಇದ್ದರೂ ಡಿಟಿಟಿ ಬಗ್ಗೆ ಹೇಳಲೇಬೇಕು. ಅದು ಗಾಳಿಗೆ ಆಕ್ಸಿಡೈಸ್ ಆದಂತೆ 280ರಲ್ಲಿ ಹೀರತೊಡಗುತ್ತದೆ. 1 ಮಿಲಿಮೋಲಾರ್ ಪೂರ್ತಿ ಆಕ್ಸಿಡೈಸ್ ಆದರೆ 12 ಮಿಲಿಮೀಟರ್ ಸೆಲ್‌ನಲ್ಲಿ ಸುಮಾರು 0.33 ಒಡಿ. ರೆಫರೆನ್ಸ್‌ನಲ್ಲೂ ಅದೇ ಬಫರ್ ಇರುವುದರಿಂದ ಅಬ್ಸಾರ್ಬೆನ್ಸ್ ಗೆರೆಯಲ್ಲಿ ಅದು ಕಾಣುವುದಿಲ್ಲ. ಆದರೆ ಎರಡೂ ಸೆಕ್ಟರ್‌ಗಳ ಬೆಳಕನ್ನು ಅರ್ಧಕ್ಕೆ ಇಳಿಸಿಬಿಡುತ್ತದೆ. 0.6 ಒಡಿಯ ಪ್ರೋಟೀನ್ ಈಗಾಗಲೇ ಕಾಲು ಭಾಗ ಬೆಳಕನ್ನಷ್ಟೇ ಕೆಳಗೆ ಬಿಡುತ್ತಿದೆ. ಡಿಟಿಟಿ ಬದಲು ಅದೇ ಕೆಲಸ ಮಾಡುವ ಟಿಸೆಪ್ ಅನ್ನು 0.5 ಮಿಲಿಮೋಲಾರ್ ಹಾಕಿ, 280ರಲ್ಲಿ ಅದರ ಕಾಟವಿಲ್ಲ. ಪ್ರೋಟೀನ್ ತಾಳುವುದಾದರೆ ಮಾತ್ರ.

ನಾಯ್ಸ್ 0.005ರೊಳಗೆ ಬಂದಮೇಲೂ ಇನ್ನಷ್ಟು ಇಳಿಸಬೇಕೆಂದರೆ ರೆಪ್ಲಿಕೇಟ್ (ಒಂದೇ ಬಿಂದುವಿನಲ್ಲಿ ಮತ್ತೆ ಮತ್ತೆ ತೆಗೆಯುವ ಅಳತೆ) ಹೆಚ್ಚಿಸುವುದು ಒಂದು ದಾರಿ. ನಾಲ್ಕು ರೆಪ್ಲಿಕೇಟ್‌ಗೆ ನಾಯ್ಸ್ ಅರ್ಧವಾಗುತ್ತದೆ. ಪ್ರೋಟೀನಿನ ಹಂಚಿಕೆ ಸ್ಥಿರವಾದ ಮೇಲೆ ಅಳೆಯುವ ಈಕ್ವಿಲಿಬ್ರಿಯಮ್ ಪ್ರಯೋಗದಲ್ಲಿ ಹತ್ತು ಇಪ್ಪತ್ತು ಹಾಕಿದರೂ ನಷ್ಟವಿಲ್ಲ, ಅಲ್ಲಿ ಏನೂ ಓಡುತ್ತಿಲ್ಲ. 42,000ದ ವೆಲಾಸಿಟಿ ಪ್ರಯೋಗದಲ್ಲಿ ಮೂರು ಸೆಲ್ ಇಟ್ಟುಕೊಂಡು ಹೀಗೆ ಮಾಡಿದರೆ, ಒಂದು ಸ್ಕ್ಯಾನ್ ಮುಗಿಯುವಷ್ಟರಲ್ಲಿ ಬೌಂಡರಿಯೇ (ಇಳಿಯುತ್ತಿರುವ ಪ್ರೋಟೀನಿನ ಅಂಚು) ಮುಂದೆ ಹೋಗಿರುತ್ತದೆ. ಅಲ್ಲಿ 0.003 ಸೆಂಟಿಮೀಟರ್ ಹೆಜ್ಜೆ, ಒಂದೇ ರೆಪ್ಲಿಕೇಟ್ ಸಾಕು. ಸ್ಕ್ಯಾನ್‌ಗಳ ಸಂಖ್ಯೆಯೇ ಉಳಿದ ಕೆಲಸ ಮಾಡುತ್ತದೆ.

ಲ್ಯಾಂಪ್ ಒರೆಸಿದ ಮೇಲೂ 230ಕ್ಕೂ 530ಕ್ಕೂ ಇರುವ ಅನುಪಾತ ಹಳೆಯದರ ಅರ್ಧಕ್ಕೂ ಏರದಿದ್ದರೆ, ಲೆನ್ಸ್ ಒರೆಸಿದ ನಂತರವೂ ಹಾಗೇ ಇದ್ದರೆ, ಆಗ ಲ್ಯಾಂಪ್ ಆರ್ಡರ್ ಮಾಡಿ. ಹೊಸದು ಬಂದ ದಿನ, ಮೊದಲ ಪ್ರೋಟೀನ್ ಹಾಕುವ ಮುನ್ನ, ಖಾಲಿ ರಂಧ್ರದ ಸ್ಕ್ಯಾನ್ ಒಂದನ್ನು ತೆಗೆದು ತಾರೀಖು ಹಾಕಿ ಇಟ್ಟುಕೊಳ್ಳಿ. ತರಂಗಾಂತರ ಮತ್ತು ಡಿಲೇ ಕ್ಯಾಲಿಬ್ರೇಷನ್ ಎರಡೂ ಅದೇ ದಿನ ಆಗಲಿ.